ಕುಬಸ ತೊಟ್ಟ ಕುರ್ಚಿ

ನನ್ನ ನಾದಿನಿಯ ಮನೆಯಲ್ಲಿ ಮನುಷ್ಯರಿಗಿಂತ ಕುರ್ಚಿಗಳೇ ಚೆನ್ನಾಗಿ ಉಟ್ಟು ತೊಟ್ಟು ನಿಂತಿರುತ್ತವೆ. ಸುಳ್ಳು ಹೇಳಿ ನನಗೇನು ಸಿಗಬೇಕು? ಬಣ್ಣ ಹೋದ ಸೀರೆಯಲ್ಲಿ ಅವಳು ಬಾಗಿಲು ತೆಗೆಯುತ್ತಾಳೆ. ಅವಳ ಹಿಂದೆ ಪಡಸಾಲೆಯಲ್ಲಿ ಕುರ್ಚಿಗಳು ಮದುವೆಗೆ ಹೊರಟ ಬೀಗರ ಹಾಗೆ ಸಾಲಾಗಿ ಕಾಯುತ್ತಿರುತ್ತವೆ. ಒಂದರ ಸೀಟು ಹೂವಿನದು, ಬೆನ್ನು ಪಟ್ಟಿಯದು, ಅಂಚಿಗೆ ಜರಿಯ ಗೋಟು. ಇನ್ನೊಂದರ ಸೀಟು ಚೌಕಡಿ, ಬೆನ್ನು ಸಾದಾ, ತೋಳಿಗೆ ಸಣ್ಣ ಬುಟ್ಟಾ. ಒಂದರಂತೆ ಇನ್ನೊಂದಿಲ್ಲ. ಆದರೂ ಒಂದೇ ಮನೆಯವು ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಕುರ್ಚಿಗೆ ಮುಖ ಎಲ್ಲಿರುತ್ತದೆ ಅಂತ ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ.

ಹೋದವರು ಸುಮ್ಮನೆ ಕೂರುವಂತೆಯೂ ಇಲ್ಲ. ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಕಲಬುರಗಿಗೆ ಹೋಗಿ, ಕೋಟೆಯ ಕಂದಕದ ಹಿಂದಿನ ಅವಳ ಓಣಿಯನ್ನು ಉಸ್ಸಪ್ಪಾ ಎಂದು ದಾಟಿ ನಾನು ಒಳಗೆ ಕಾಲಿಟ್ಟರೆ ಅವಳು ಕೈ ಅಡ್ಡ ಹಿಡಿಯುತ್ತಾಳೆ.

"ನಿಂದ್ರು ವೈನಿ, ನಿಂದ್ರು! ಇವತ್ತ ಎಂಥಾ ಸೀರಿ ಉಟ್ಟೀದಿ? ಪಟ್ಟಿದಾ? ಹಂಗಾದ್ರ ಚೌಕಡಿ ಮ್ಯಾಲ ಬ್ಯಾಡ. ಪಟ್ಟಿ, ಚೌಕಡಿ ಕೂಡಿದ್ರ ನನ್ನ ತಲಿ ಗರಗರ ತಿರಗತದ."

"ತಲಿ ತಿರಗಿದ್ರ ಕಣ್ಣ ಮುಚ್ಚಕೋ. ನನಗ ಮೊಣಕಾಲ ನೋಯಾಕತ್ತಾವ."

"ಮೊಣಕಾಲಿಂದೇನು, ಎಣ್ಣಿ ಹಚ್ಚಿದ್ರ ಆರಾಮಾಗತದ. ನಾ ನೋಡಿದ್ದಕ್ಕ ಯಾವ ಎಣ್ಣಿ ಹಚ್ಚಲಿ?"

ಒಮ್ಮೆ ಗ್ಯಾಸ್ ಒಲೆ ರಿಪೇರಿಯವನು ಚೌಕಡಿ ಲುಂಗಿಯಲ್ಲಿ ಬಂದಿದ್ದ. ಪಾಪ, ಅವನಿಗೆ ಚಹಾ ಕೊಟ್ಟಳು, ಕುರ್ಚಿ ಕೊಡಲಿಲ್ಲ! ಅವನು ಗೋಡೆಗೆ ಒರಗಿ ಅರ್ಧ ಚಹಾ ಕುಡಿದ ಮೇಲೆ ಅವಳಿಗೇ ಕರುಳು ಚುರುಕ್ ಎಂದಿತು. ಒಳಗಿನಿಂದ ಬಿಳಿ ಟವೆಲ್ ತಂದು ಕುರ್ಚಿಯ ಮೇಲೆ ಹಾಸಿ, "ನಡುವ ಸಾದಾ ಬಂತು, ಇನ್ನ ಕುಂದರಪಾ" ಎಂದಳು. ಅವನು ಕುಂತ. ಒಲೆ ಮಾತ್ರ ಇವತ್ತಿಗೂ ಸರಿಯಾಗಿ ಉರಿಯುವುದಿಲ್ಲ.

ಅವಳ ಮನೆಯಲ್ಲಿ ಯಾವ ಕುರ್ಚಿಯ ಮೇಲಾದರೂ ಕೇಳದೆ ಕೂರುತ್ತಿದ್ದವರು ನನ್ನ ಗಂಡ ಒಬ್ಬರೇ. ಅವಳ ಅಣ್ಣ ಅಂತ ಅಲ್ಲ. ಆ ಮನುಷ್ಯ ಜೀವಮಾನವೆಲ್ಲ ಬಿಳಿ ಅಂಗಿ, ಬಿಳಿ ಧೋತರ ಬಿಟ್ಟು ಬೇರೆ ತೊಡಲಿಲ್ಲ. "ಅಣ್ಣಂದೇನು ಫಿಕರ್ ಇಲ್ಲ. ಅವ ಸಾದಾ" ಎನ್ನುತ್ತಿದ್ದಳು. ಗಂಡ ನನ್ನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ನಾನು ನಿಂತೇ ಇರುತ್ತಿದ್ದೆ.

ಈ ಹುಚ್ಚು ಎಲ್ಲಿಂದ ಬಂತು ಎನ್ನುತ್ತೀರಿ? ನಾದಿನಿ ಮದುವೆಯಾಗಿ ಸೀರೆಯ ಮಡಿಕೆ ಮುರಿಯುವುದರೊಳಗೆ ಗಂಡನನ್ನು ಕಳೆದುಕೊಂಡವಳು. ಅವನು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಆ ನೌಕರಿ ಇವಳಿಗೆ ಬಂತು. ಅಲ್ಲಿ ಸಾಹೇಬರ ಕೋಣೆಯಿಂದ ಹಿಡಿದು ಗುಮಾಸ್ತರ ಹಾಲಿನ ತನಕ ಎಲ್ಲ ಕುರ್ಚಿಗಳಿಗೂ ಒಂದೇ ಕಂದು ರೆಕ್ಸಿನ್. ಅವನ್ನು ಒರೆಸುವವಳು ಇವಳು, ಕೂರುವವರು ಬೇರೆಯವರು. ಇವಳಿಗೆ ಬಾಗಿಲ ಹತ್ತಿರ ಒಂದು ಸ್ಟೂಲು. ನೌಕರಿ ಮುಗಿಯುವ ಹೊತ್ತಿಗೆ ಕಚೇರಿಯವರು ಮುರುಕು ಕುರ್ಚಿಗಳನ್ನು ಹರಾಜಿಗಿಟ್ಟರು. ಎಲ್ಲರೂ ಬಿಟ್ಟುಹೋದವನ್ನು ಇವಳು ಟಂಟಂನಲ್ಲಿ ಹೇರಿಕೊಂಡು ಮನೆಗೆ ತಂದಳು. ತಂದವಳೇ ಮೊದಲು ರೆಕ್ಸಿನ್ ಕಿತ್ತಳು.

"ಯಾಕವ್ವಾ, ಗಟ್ಟಿ ಅದಲ್ಲ?" ಎಂದು ನಾನು ಕೇಳಿದೆ.

"ಹುಟ್ಟಿದಾಗಿಂದ ಒಂದs ಅಂಗಿ ತೊಟ್ಟಾವ ವೈನಿ. ಪಾಪ ಅನಸ್ತದ" ಎಂದಳು. ಕುರ್ಚಿಯ ಮೇಲೆ ಪಾಪ ಅನ್ನುವವರನ್ನು ನಾನು ಮೊದಲ ಸಲ ನೋಡಿದ್ದು.

ಬಟ್ಟೆ ಕೂಡಿಸುವುದಕ್ಕೆ ಅವಳದೊಂದು ಶಾಸ್ತ್ರವಿದೆ. ದೊಡ್ಡ ಹೂವಿನ ಬಟ್ಟೆ ಅಂದರೆ ಅತ್ತೆ. ಪಟ್ಟಿ ಅಂದರೆ ಸೊಸೆ. ಸಾದಾ ಅಂದರೆ ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡಿರುವ ಗಂಡ.

"ಒಂದ ಕುರ್ಚಿಗಿ ಇಬ್ರು ಅತ್ತೇರನ್ನ ಹಾಕಬಾರದು ನೋಡು. ಹೂವಿಗೂ ಹೂವಿಗೂ ಜಗಳ ಬೀಳತದ. ಅತ್ತಿ ಸೀಟಿನ ಮ್ಯಾಲ ಇರಲಿ, ಸೊಸಿ ತೋಳಿನ ಮ್ಯಾಲ ಇರಲಿ. ಗಂಡ ಬೆನ್ನಿಗಿರಲಿ. ಮತ್ತ ಮೂರರಾಗೂ ಒಂದ ಬಣ್ಣ ಹರದು ಬಂದಿರಬೇಕು. ಅದು ರಕ್ತಸಂಬಂಧ. ಅದಿಲ್ಲಂದ್ರ ಬರೇ ಬಾಡಗಿದಾರರು ಕೂಡಿದಂಗ."

"ಎಲ್ಲಾರೂ ಬಂದ್ರು. ನಾದಿನಿ ಎಲ್ಲಿ?" ಎಂದೆ. ನನಗೆ ಕಾಲೆಳೆಯುವ ಚಟ.

"ನಾದಿನಿ ಗೋಟು" ಎಂದಳು ತಡವರಿಸದೆ. "ಅಂಚಿಗಿ ಇರ್ತಾಳ. ಒಳಗೂ ಅಲ್ಲ, ಹೊರಗೂ ಅಲ್ಲ. ಆದ್ರ ಆಕಿನ್ನ ಕಿತ್ತಿ ನೋಡು, ಒಬ್ಬೊಬ್ರೇ ಬಿಚ್ಚಕೊಂಡು ಹೋಗ್ತೀರಿ."

ನಾನು ಚಹಾ ಕುಡಿದೆ. ಕೆಲವು ಮಾತಿಗೆ ಉತ್ತರ ಕೊಡುವುದಕ್ಕಿಂತ ಚಹಾ ಕುಡಿಯುವುದು ಮೇಲು.

ಈಗ ಬಟ್ಟೆಯ ಮಾತು. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಸೆರಗು ಒಡ್ಡಿಸಿ ಅಕ್ಕಿ, ಉತ್ತತ್ತಿ, ಅಡಿಕೆ, ಒಂದು ಕುಬಸದ ಕಣ ಹಾಕುತ್ತೇವೆ. ಅದಕ್ಕೆ ಉಡಿ ತುಂಬುವುದು ಅಂತ ಹೆಸರು. ಕುಬಸ ಅಂದರೆ ರವಿಕೆ, ಕಣ ಅಂದರೆ ಅದನ್ನು ಹೊಲಿಸುವ ತುಂಡು. ಹೊಲಿಸಿಕೊಳ್ಳಲಿ ಅಂತ ಕೊಡುತ್ತಾರೆ. ಯಾರು ಹೊಲಿಸುತ್ತಾರೆ? ಅದು ಎದೆಗೆ ಬಂದರೆ ತೋಳಿಗೆ ಬರುವುದಿಲ್ಲ. ಒಗೆದರೆ ಬಣ್ಣ ಬಿಡುತ್ತದೆ, ಒಗೆಯದಿದ್ದರೆ ಮೈ ಕಡಿಯುತ್ತದೆ. ಹಾಗಾಗಿ ಟ್ರಂಕಿನಲ್ಲಿಟ್ಟು ಮುಂದೆ ಬಂದವಳ ಉಡಿಗೆ ದಾಟಿಸುತ್ತೇವೆ. ಅವಳು ಇನ್ನೊಬ್ಬಳಿಗೆ. ಬಸ್ಸಿನ ಕಂಡಕ್ಟರನಿಗಿಂತ ಹೆಚ್ಚು ಊರು ತಿರುಗಿದ ಕಣಗಳಿವೆ! ನಾನೇ ಕೊಟ್ಟದ್ದು ಮಹಾಗಾಂವದ ಎರಡು ಮನೆ ಸುತ್ತಿ ನನ್ನ ಉಡಿಗೇ ಬಂದು ಬಿದ್ದದ್ದುಂಟು. ಗುರುತು ಹಿಡಿದೆ. ಅದೂ ನನ್ನ ಗುರುತು ಹಿಡಿದಿರಬೇಕು.

ನಾದಿನಿಗೆ ಯಾರೂ ಉಡಿ ತುಂಬುವುದಿಲ್ಲ, ಅವಳ ಕೈಯಿಂದ ತುಂಬಿಸಿಕೊಳ್ಳುವುದೂ ಇಲ್ಲ. ಗಂಡ ಸತ್ತವರ ವಿಷಯ ಹಾಗೇ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ತಟ್ಟೆ ಮುಂದೆ ಹೋಗುತ್ತದೆ, ಅಷ್ಟೇ. ಆದರೆ ಟ್ರಂಕು ತುಂಬಿದವರೆಲ್ಲ ಕಣಗಳನ್ನು ಗಂಟು ಕಟ್ಟಿ ಅವಳಿಗೆ ತಂದು ಸುರಿಯುತ್ತಿದ್ದರು. ನನ್ನ ಗಂಟೇ ಎಲ್ಲಕ್ಕಿಂತ ದೊಡ್ಡದು. ರವಿಕೆಗೆ ಸಾಲದ ತುಂಡು ಕುರ್ಚಿಯ ಸೀಟಿಗೆ ಅಳತೆ ಕೊಟ್ಟು ನೇಯಿಸಿದಂತೆ ಕೂರುತ್ತದೆ. ಇದನ್ನು ಕಂಡುಹಿಡಿದದ್ದು ಅವಳೊಬ್ಬಳೇ.

ಇದರಿಂದ ಒಂದು ರಾದ್ಧಾಂತವೂ ಆಯಿತು. ನನ್ನ ಮೊಮ್ಮಗಳನ್ನು ಕಲಬುರಗಿಯ ಒಂದು ಮನೆಗೇ ಕೊಟ್ಟಿದ್ದೇವೆ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅಚ್ಚುಕಟ್ಟಿನ ಹೆಂಗಸು. ಒಮ್ಮೆ ಅವರನ್ನು ನಾದಿನಿಯ ಮನೆಗೆ ಕರೆದುಕೊಂಡು ಹೋದೆ. ಅವರ ಸೀರೆ ಸಾದಾ, ಸುಲಭವಾಗಿ ಕುರ್ಚಿ ಸಿಕ್ಕಿತು. ಕುಳಿತವರು ತೋಳಿನ ಮೇಲೆ ಕೈಯಾಡಿಸಿದರು, ಬಗ್ಗಿ ನೋಡಿದರು, ಸೂಜಿ ಚುಚ್ಚಿದಂತೆ ಎದ್ದರು.

"ಅಯ್ಯ! ಇದು ನಾ ನಿಶ್ಚಯದಾಗ ನಿಮ್ಮ ಸೊಸಿ ಉಡಿಗಿ ಹಾಕಿದ ಕಣ ಅಲ್ರೀ! ಉಡಿಗಿ ಹಾಕಿದ್ದು ತಂದು ಕುಂಡಿ ಕೆಳಗ ಹಾಕೀರೇನ್ರೀ?"

ಸೊಸೆ ನನಗೆ ಕೊಟ್ಟಿದ್ದಳು, ನಾನು ಗಂಟಿಗೆ ಸೇರಿಸಿದ್ದೆ. ನಾನು ಛಾವಣಿ ನೋಡತೊಡಗಿದೆ. ನಾದಿನಿ ಕನ್ನಡಕ ಹಾಕಿಕೊಂಡು ಬಂದು ಬಟ್ಟೆಯ ಮೂಲೆ ತೋರಿಸಿದಳು.

"ಇಲ್ಲಿ ಅರಿಶಿಣದ ಕಲಿ ನೋಡ್ರಿ. ಇಲ್ಲೊಂದು ಕುಂಕುಮದ್ದು. ಇದು ಉತ್ತತ್ತಿ ಅಂಟಿದ್ದು. ನಿಮ್ಮ ಕೈಗಿ ಬರೋದ್ರಾಗ ಇದು ಮೂರು ಉಡಿ ಕಂಡು ಬಂದದ. ನೀವು ಹೊಸಾದು ಅಂತ ಕೊಟ್ರಿ, ನಾವು ಹೊಸಾದು ಅಂತ ತಗೊಂಡ್ವಿ. ಕುರ್ಚಿ ಮಾತ್ರ ಏನೂ ಅನ್ನದs ಮೈಮ್ಯಾಲ ಹಾಕ್ಕೊಂತು. ನಮ್ಮೊಳಗ ಅದನ್ನ ತೊಟ್ಟಿದ್ದು ಅದೊಂದೇ ರೀ."

ಬೀಗಿತ್ತಿ ಮತ್ತೆ ಕೂತರು. ಆದರೆ ಅಂಚಿನಲ್ಲಿ, ಅರ್ಧಂಬರ್ಧ.

ಆಮೇಲೆ ನನ್ನ ಗಂಡ ತೀರಿಕೊಂಡರು. ಅದರ ಬಗ್ಗೆ ಬರೆಯುವುದೇನಿದೆ? ವಯಸ್ಸಾಗಿತ್ತು, ಹೋದರು. ಮನೆಯ ಸಾದಾ ಬಟ್ಟೆ ಹೋಯಿತು ಅಂತ ನಾದಿನಿ ಒಮ್ಮೆ ಅಂದಳು. ನಾನು ತೊಗರಿ ಹಸನು ಮಾಡುತ್ತಿದ್ದೆ, ಅದನ್ನೇ ಮಾಡಿದೆ.

ವರ್ಷ ಕಳೆದ ಮೇಲೆ ಮೊಮ್ಮಗಳು ಬಸುರಿ ಅಂತ ಸುದ್ದಿ ಬಂತು. ನಮ್ಮ ಕಡೆ ಬಸುರಿಗೆ ಮಾಡುವ ಶಾಸ್ತ್ರಕ್ಕೂ ಕುಬಸ ಅಂತಲೇ ಹೆಸರು. ಹುಡುಗಿಯನ್ನು ಕೂರಿಸಿ, ಹೂವು ಮುಡಿಸಿ, ಹೆಂಗಸರೆಲ್ಲ ಉಡಿ ತುಂಬುತ್ತಾರೆ. ಕಮಲಾಪುರದ ನಮ್ಮ ಮನೆಯಲ್ಲೇ ಮಾಡುವುದು ಅಂತ ಆಯಿತು. ಈ ಹುಡುಗಿಯನ್ನು ಬೆಳೆಸಿದವಳು ನಾನು. ಸೊಸೆ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿ ನನ್ನ ಕಾಲ ಮೇಲೆ ಮಲಗಿ ನೀರು ಎರೆಸಿಕೊಂಡು ದೊಡ್ಡವಳಾದವಳು. ಅವಳ ಕುಬಸಕ್ಕೆ ಅಂತಲೇ ಒಂದು ಕಣ ತೆಗೆದಿಟ್ಟಿದ್ದೆ. ದಾಳಿಂಬೆ ಬಣ್ಣದ ದೊಡ್ಡ ಹೂವು, ಹಸಿರು ಎಲೆ. ಅದನ್ನು ಯಾರ ಉಡಿಗೂ ದಾಟಿಸಿರಲಿಲ್ಲ. ಟ್ರಂಕಿನ ತಳದಲ್ಲಿ ಒಬ್ಬಂಟಿಯಾಗಿ ಮಲಗಿತ್ತು.

"ಅಜ್ಜಿ, ಮೊದಲ ಉಡಿ ನಿಂದs. ಬ್ಯಾರೆ ಯಾರು ತುಂಬಿದ್ರೂ ನಾ ಒಲ್ಲೆ" ಎಂದು ಹುಡುಗಿ ಫೋನಿನಲ್ಲಿ ಹಟ ಹಿಡಿದಳು. ಸ್ವಲ್ಪ ಹೊತ್ತಿಗೆ ಬೀಗಿತ್ತಿಯ ಫೋನು ಬಂತು. ಮಾತು ಮೆತ್ತಗೇ ಇತ್ತು.

"ಹಿರೇರು ಒಳಗ ಆರಾಮ ಕುಂದ್ರಲಿ ರೀ. ಹೊರಗಿಂದು ನೋಡಾಕ ನಾವೆಲ್ಲ ಇದ್ದೀವಲ್ಲ. ಚೊಚ್ಚಲ ಬಸುರು, ಸುಮ್ನ ಯಾಕ ಮನಸ್ಸಿಗಿ ಹಚ್ಚಕೋಬೇಕು. ಮತ್ತ... ಆ ಕುರ್ಚಿ ಗಿರ್ಚಿ ಏನೂ ಬ್ಯಾಡ. ಶಾಮಿಯಾನದವರ ಕಡಿಂದ ಒಂದು ಚಂದ ಸಿಂಹಾಸನ ತರಸ್ರಿ."

ಆಯಿತು ಎಂದೆ. ಜಗಳ ಮಾಡಿ ಏನಾಗಬೇಕು? ನಾಳೆ ಹುಡುಗಿಗೆ ತಲೆನೋವು ಬಂದರೂ ನನ್ನ ಕೈಗುಣ ಎನ್ನುತ್ತಾರೆ. ಮುಂದಿನ ಸಲ ಕಲಬುರಗಿಗೆ ಹೋದಾಗ ಆ ದಾಳಿಂಬೆ ಕಣವನ್ನು ನಾದಿನಿಯ ಮುಂದೆ ಒಗೆದೆ.

"ತಗೋ. ಇದನ್ನೂ ಯಾವದಾರ ಕುರ್ಚಿಗಿ ಬಡಿ."

ಅವಳು ಬಿಚ್ಚಿ ನೋಡಿದಳು. ಬೆಳಕಿಗೆ ಹಿಡಿದಳು. ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ನಾನು ಹೊರಡುವಾಗ, "ಸಿಂಹಾಸನ ನಾನೇ ನೋಡಿ ತರ್ತೀನಿ ವೈನಿ. ಶಾಮಿಯಾನದವ ಸ್ಟೇಶನ್ ಬಜಾರದಾಗ ಇದ್ದಾನ, ಇಲ್ಲೇ ಹತ್ತರ" ಎಂದಳು.

ಕುಬಸದ ಹಿಂದಿನ ದಿನ ಮಧ್ಯಾಹ್ನ ಸಿಂಹಾಸನ ಬಂತು. ಹೇಗೆ ಬಂತು ಅಂದರೆ, ಟೆಂಪೋದ ಹಿಂದೆ ಹಗ್ಗ ಬಿಗಿದ ಕೆಂಪು ಸಿಂಹಾಸನ, ಎರಡೂ ಕಡೆ ಬಂಗಾರದ ಬಣ್ಣ ಬಳಿದ ಸಿಂಹ, ನಡುವೆ ಬಿಸಿಲಿಗೆ ಕೊಡೆ ಹಿಡಿದು ಕುಳಿತ ನನ್ನ ನಾದಿನಿ! ಮಹಾಗಾಂವ ಕ್ರಾಸಿನಲ್ಲಿ ಯಾವುದೋ ಎಲೆಕ್ಷನ್ ಮೆರವಣಿಗೆ ಅಂತ ನಾಲ್ಕು ಜನ ಎದ್ದು ಕೈ ಮುಗಿದರಂತೆ. ಇವಳೂ ಮುಗಿದಳಂತೆ.

ಇಳಿಸಿ ನೋಡಿದರೆ ಸಿಂಹಾಸನದ ಸೀಟು ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಬೆನ್ನಿನ ಮಖಮಲ್ಲು ಎಣ್ಣೆ ತಲೆಗಳಿಂದ ಕಪ್ಪಾಗಿತ್ತು. ಒಂದು ಸಿಂಹಕ್ಕೆ ಕಿವಿ ಇರಲಿಲ್ಲ.

"ಇಡೀ ಅಂಗಡ್ಯಾಗ ಇದೇ ಸಿಕ್ಕಿತೇನು?" ಎಂದೆ.

"ಚಲೋವು ಇದ್ವು. ನಾ ಇದನ್ನs ಆರಿಸಿದೆ" ಎಂದವಳೇ ಚೀಲದಿಂದ ಸುತ್ತಿಗೆ, ಸಣ್ಣ ಮೊಳೆ, ಬಟ್ಟೆ ತೆಗೆದಳು.

ನನ್ನ ಸೊಸೆಗೆ ಜೀವ ಹಾರಿತು. "ಅತ್ತಿ, ಬಾಡಗಿ ಸಾಮಾನು ಅದು! ಶಾಮಿಯಾನದವ ಏನಂತಾನ? ಬೀಗ್ರು ಏನಂತಾರ?"

ನಾದಿನಿಯ ಬಾಯಲ್ಲಿ ಮೊಳೆಗಳಿದ್ದವು. ಅವುಗಳ ಸಂದಿನಿಂದಲೇ, "ಹರದ ಸೀಟಿನ ಮ್ಯಾಲ ಬಸುರಿ ಹೆಂಗಸಿನ್ನ ಕುಂದ್ರಸಬೇಕೇನು?" ಎಂದು ಬಂತು. ಸಂಜೆಗೆ ಸಿಂಹಾಸನ ತಯಾರಾಯಿತು. ಸೀಟಿಗೆ ನನ್ನ ದಾಳಿಂಬೆ ಹೂವು. ತೋಳಿಗೆ ಪಟ್ಟಿ; ಅದು ನನ್ನ ಸೊಸೆಯ ಮದುವೆಯ ಕಣ. ಬೆನ್ನಿಗೆ ಸಾದಾ ಹಸಿರು. ಸುತ್ತಲೂ ಗೋಟು. ಹೂವಿನ ಎಲೆಯಲ್ಲಿ ಹಸಿರು, ಪಟ್ಟಿಯಲ್ಲಿ ಹಸಿರು, ಬೆನ್ನೆಲ್ಲ ಹಸಿರು. ಚೆನ್ನಾಗಿರಲಿಲ್ಲ ಅಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕಿವಿ ಇಲ್ಲದ ಸಿಂಹ ಕೂಡ ಮದುವಣಿಗನ ಹಾಗೆ ಕಾಣುತ್ತಿತ್ತು.

ಮರುದಿನ ಮನೆ ತುಂಬ ಜನ. ನಾನೂ ನಾದಿನಿಯೂ ಅಡುಗೆಮನೆಯ ಬಾಗಿಲ ಹಿಂದೆ ಹೋಳಿಗೆ ತಟ್ಟುತ್ತಾ ಕೂತಿದ್ದೆವು. ಅಲ್ಲಿಂದ ಪಡಸಾಲೆ ಕಾಣುತ್ತದೆ. ಹುಡುಗಿ ಹಸಿರು ಸೀರೆಯಲ್ಲಿ ಬಂದು ಸಿಂಹಾಸನದ ಮುಂದೆ ನಿಂತಳು. ಸೀಟಿನ ಹೂವನ್ನು ನೋಡಿದಳು. ಆ ಕಣ ಅವಳಿಗೆ ಗೊತ್ತು; ಚಿಕ್ಕಂದಿನಲ್ಲಿ ಟ್ರಂಕು ಕೆದಕಿ ತೆಗೆದು ನನ್ನಿಂದ ಬೈಸಿಕೊಂಡವಳು. ಒಮ್ಮೆ ಅಡುಗೆಮನೆಯ ಕಡೆ ತಿರುಗಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಕುಳಿತಳು. ಇನ್ನೂ ಯಾರೂ ಉಡಿಯ ತಟ್ಟೆಗೆ ಕೈ ಹಾಕಿರಲಿಲ್ಲ.

ನಾದಿನಿ ನನ್ನ ತೊಡೆ ಚಿವುಟಿದಳು. "ಕುಂತಳು. ಆತು. ಮೊದಲ ಉಡಿ ನಿಂದಾತು."

"ಉಡಿ ಅಂದ್ರ ಮುಂದ ಹಾಕೋದು. ಕೆಳಗಲ್ಲ" ಎಂದೆ.

"ಕೂಸು ಎಲ್ಲದ? ನಟ್ಟ ನಡುವ ಅದ. ಮುಂದಿಂದ ಬಂದ್ರೇನು, ಕೆಳಗಿಂದ ಬಂದ್ರೇನು? ಹೋಳಿಗಿ ಹೊತ್ತಾಕತ್ತದ, ತಿರುವು."

ತಿರುವಿದೆ. ಒಂದು ಕಡೆ ಕಪ್ಪಾಗಿತ್ತು.

ಶಾಸ್ತ್ರ ಮುಗಿದ ಮೇಲೆ ಬೀಗಿತ್ತಿ ಸಿಂಹಾಸನದ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಸೀಟು ನೋಡಿದರು, ತೋಳು ನೋಡಿದರು. ಆಯಿತು, ಬಂತು ಗ್ರಹಚಾರ ಎಂದುಕೊಂಡು ನಾನು ಸೆರಗು ಬಿಗಿದೆ.

"ಏನ್ರೀ ಇದು? ಎಲ್ಲಾರ ಕಣ ಹಾಕೀರಿ, ನಮ್ಮದೊಂದೂ ಇಲ್ಲಲ್ರೀ!" ಎಂದರು ಬೀಗಿತ್ತಿ. ಮುಖ ಊದಿತ್ತು.

ನಾದಿನಿ ಒಳಗೆ ಹೋಗಿ ಕಪ್ಪಾಗದ ಹೋಳಿಗೆಗಳನ್ನೇ ಆರಿಸಿ ಅವರಿಗೆ ಕಟ್ಟಿಕೊಟ್ಟಳು.

ಸಂಜೆ ಶಾಮಿಯಾನದವನು ಟೆಂಪೋ ತಂದ. ಸಿಂಹಾಸನ ನೋಡಿ ಹಣೆ ಬಡಿದುಕೊಂಡ.

"ಅರೆ ಅಮ್ಮಾ, ಯೇ ಕ್ಯಾ ಕರ್ ದಿಯೆ! ಮೇರಾ ಮಖಮಲ್ ಕಹಾಂ ಹೈ? ನಮ್ಮ ಅಪ್ಪನ ಕಾಲದ ಸಾಮಾನ್ ಅದ ರೀ ಇದು!"

"ನಿಮ್ಮಪ್ಪನ ಕಾಲದ್ದಂತ ವಾಸನಿಗೇ ತಿಳೀತು" ಎಂದಳು ನಾದಿನಿ. "ತಡಿ, ಬಿಚ್ಚಿ ಕೊಡ್ತೀನಿ. ಒಳಗ ಹಂಗs ಅದ ನಿನ್ನ ಮಖಮಲ್ಲು."

ಅವಳು ಸುತ್ತಿಗೆ ತರುವಷ್ಟರಲ್ಲಿ, ಶಾಸ್ತ್ರಕ್ಕೆ ಬಂದ ಹೆಂಗಸರಲ್ಲಿ ಇಬ್ಬರು ಅವನನ್ನು ಹಿಡಿದುಕೊಂಡರು. ಒಬ್ಬಳ ಮಗಳಿಗೆ ಬರುವ ತಿಂಗಳು ಕುಬಸ, ಇನ್ನೊಬ್ಬಳ ತಂಗಿಗೆ ಮದುವೆ. ಇದೇ ಸಿಂಹಾಸನ ಬೇಕು, ಹೀಗೇ ಇರಬೇಕು. ಶಾಮಿಯಾನದವನು ಸಿಂಹಾಸನವನ್ನು ಹಿಂದಿನಿಂದ ನೋಡಿದ, ಮುಂದಿನಿಂದ ನೋಡಿದ. ದನಿ ತಗ್ಗಿಸಿದ.

"ರಹನೇ ದೋ ಅಮ್ಮಾ. ಇರಲಿ ಬಿಡ್ರಿ. ಬಾಡಗಿನೂ ಬ್ಯಾಡ ನಿಮ್ಮದು."

ಹೇರಿಕೊಂಡು ಹೋಗೇಬಿಟ್ಟ. ನಾದಿನಿ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಡೆಯಲಿಲ್ಲ.

ಜನ ಹೋದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ನನಗೆ ಬೆಳಗಿನಿಂದ ಒಂದು ಮಾತು ಕೊರೆಯುತ್ತಿತ್ತು. ಬೆನ್ನಿನ ಆ ಸಾದಾ ಹಸಿರು ನನ್ನ ಗಂಟಿನದಲ್ಲ. ಈಗಿನ ಕಣಗಳೆಲ್ಲ ಕೈಯಿಂದ ಜಾರುತ್ತವೆ. ಅದು ದಪ್ಪ ನೂಲಿನದು, ಕೈಮಗ್ಗದ್ದು, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತ್ತು.

"ಆ ಹಸರ ಕಣ ಯಾರ್ದು?" ಎಂದೆ.

"ನಂದು. ನನ್ನ ಮದಿವ್ಯಾಗ ಅವ್ವ ಉಡಿಗಿ ಹಾಕಿದ್ದು. ಹೊಲಿಸಕೊಳ್ಳೋದ್ರಾಗ ಅವ ಹೋದ."

"ಇಷ್ಟ ವರ್ಷ ಇಟ್ಟಿದ್ದು ಇವತ್ತ ತಗದಿ?"

"ಇಲ್ಲ, ಮೊದಲೊಮ್ಮಿ ತಗದಿದ್ದೆ" ಎಂದಳು. "ನಿನ್ನ ಕುಬಸದಾಗ. ನನ್ನ ಹೊರಗ ಬರಬ್ಯಾಡ ಅಂದಿದ್ರಲ್ಲ. ನಿನಗ ಕುಂದ್ರಸೋ ಮಣಿ ಒಳಗs ಇತ್ತು. ನಾಕು ಮಡಿಕಿ ಮಾಡಿ ಅದರ ಮ್ಯಾಲ ಹಾಸಿ, ಮ್ಯಾಲೊಂದು ಸಾದಾ ಟವೆಲ್ ಮುಚ್ಚಿ ಹೊರಗ ಕೊಟ್ಟೆ. ಯಾರಿಗಿ ಗೊತ್ತಾಗತದ?"

ನನ್ನ ಕುಬಸ ಎಂದೋ ಆದದ್ದು. ಯಾರು ಬಂದಿದ್ದರು, ಏನು ಉಟ್ಟಿದ್ದೆ, ಯಾರು ಮೊದಲು ಉಡಿ ತುಂಬಿದರು, ಒಂದೂ ನೆನಪಿಲ್ಲ. ಬಹಳ ಹೊತ್ತು ಕೂರಿಸಿದ್ದರೂ ಮಣೆ ಒತ್ತಲಿಲ್ಲ ಎಂಬುದು ಮಾತ್ರ ನೆನಪಿದೆ.

"ಹಂಗಾದ್ರ ಅದನ್ನ ಯಾಕ ಬಿಟ್ಟಿ? ಬಿಚ್ಚಕೋಬೇಕಿತ್ತು" ಎಂದೆ.

"ಹೋಗಲಿ ಬಿಡು ವೈನಿ. ಟ್ರಂಕಿನ್ಯಾಗಿದ್ರ ಅದರ ಮ್ಯಾಲ ಯಾರು ಕುಂದರ್ತಿದ್ರು?"

ಅವಳ ಸೀರೆಗೆ ಹೋಳಿಗೆಯ ಹಿಟ್ಟು ಹತ್ತಿತ್ತು. ಒರೆಸಿದೆ. ಹಿಟ್ಟು ಹೋದ ಮೇಲೂ ಸ್ವಲ್ಪ ಹೊತ್ತು ಒರೆಸಿದೆ.

ಈಗ ಕಮಲಾಪುರದಲ್ಲಿ ಯಾರ ಮನೆಯಲ್ಲಿ ಕುಬಸವಾದರೂ ನನ್ನನ್ನು ಒಳಗೇ ಕೂರಿಸುತ್ತಾರೆ. ಕೂರುತ್ತೇನೆ. ಸಿಂಹಾಸನ ಯಾವುದು ತರಿಸಿದ್ದೀರಿ ಅಂತ ಮಾತ್ರ ಕೇಳುತ್ತೇನೆ. ಕಿವಿ ಇಲ್ಲದ ಸಿಂಹದ್ದು ಅಂದರೆ, ಹುಡುಗಿ ಕೂರುವ ತನಕ ನೋಡಿ, ಫೋನು ಹಚ್ಚಿ ನಾದಿನಿಗೆ ಹೇಳುತ್ತೇನೆ.

"ಕುಂತಳು."

"ಯಾವ ಸೀರಿ?" ಎನ್ನುತ್ತಾಳೆ ಅವಳು. "ಚೌಕಡಿ ಅಲ್ಲಲ್ಲ?"